ಚಂದ್ರವ್ವನ ಕಲ್ಲು

ಗುದ್ದಲಿ ಮತ್ತೆ ಠಣ್ ಎಂದಿತು. ನಾಗಲಿಂಗ ಅದನ್ನು ತಗ್ಗಿನಾಚೆ ಎಸೆದು ಮುಂಗೈಯಿಂದ ಬೆವರು ಒರೆಸಿಕೊಂಡ.

"ಮೊಣಕಾಲು ಮಟಾನೂ ಇಳಿವಲ್ದರೀ ಅಜ್ಜಾರ. ಬರೇ ಬಂಡಿಗಲ್ಲು ಐತಿ. ಇದರಾಗ ಹೆಂಗ ಕುಂದರ್ಸೂದು?"

ವಿಧಿ ನಡೆಸಲು ಬಂದಿದ್ದ ಮಠದ ಅಜ್ಜಾರು ಬದುವಿನ ಕಡೆ ನೋಡಿದರು. ಬೆಳಗ್ಗೆ ಬೆಳಗಾವಿಯ ಖಾಸಬಾಗದಿಂದ ಹೊರಟ ಉಳವಪ್ಪ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಖಾನಾಪುರದ ಈ ಹೊಲದ ಬದುವಿನ ಮೇಲೆ ಬಿದಿರು-ಹೂವಿನ ವಿಮಾನದಲ್ಲಿ ಹೆಣವಾಗಿ ಕೂತೇ ಇದ್ದ. ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಮನೆತನ. ಎದೆಮಟ್ಟ ಆಳವಿಲ್ಲದೆ ಆಗುವ ಕೆಲಸವಲ್ಲ.

"ನಾ ಮೊದಲ ಹೇಳಿದ್ನಿ," ಎಂದ ಭರಮಣ್ಣ. ಉಳವಪ್ಪನ ಕಾಕಾನ ಮಗ, ಈಗ ಈ ಹೊಲದ ಒಡೆಯ. "ಬೆಳಗಾವ್ಯಾಗ ರುದ್ರಭೂಮಿ ಇಲ್ಲೇನು? ಸತ್ತ ಮ್ಯಾಲೂ ಅಣ್ಣಗ ನನ್ನ ಹೊಲಾನ ಬೇಕಾತು."

"ನಿನ್ನ ಹೊಲ ಯಾರಿಗೆ ಬೇಕಾಗೇತೋ?" ಉಳವಪ್ಪನ ಹೆಂಡತಿ ಸಾವಂತ್ರವ್ವ ಕೂತಲ್ಲಿಂದಲೇ ಗದರಿದಳು. "ಇವರ ಪಾಲೂ ನೀನ ಉಣ್ಣಾಕತ್ತಿ. ಅವ್ವನ ಬಾಜೂಕ ಒಂದು ತಗ್ಗು ಬಿಡು, ಉಳಿದದ್ದೆಲ್ಲಾ ನೀನ ಇಟ್ಕೋ ಅಂತ ಬರಕೊಟ್ರಲ್ಲ. ಆ ತಗ್ಗಿಗೂ ಹೊಟ್ಟಿ ಉರಿತೇತೇನು?"

"ಬ್ಯಾಡ ಅಂದ್ನೇನು ವೈನಿ? ದೊಡ್ಡವ್ವನ ಕಲ್ಲಿನ ಬಾಜೂಕ ತೋಡ್ರಿ ಅಂದೀನಿ. ಬಂಡಿ ಹತ್ತಿದ್ರ ನಾ ಏನ್ ಮಾಡ್ಲಿ?"

* * *

ಖಾಸಬಾಗದಲ್ಲಿ ಜೀವನವಿಡೀ ಮಗ್ಗದ ಮುಂದೆ ಕೂತ ಉಳವಪ್ಪನಿಗೆ ರಜೆ ಸಿಕ್ಕರೆ ಒಂದೇ ಹುಚ್ಚು: ಹಿರಿಯರನ್ನು ಮಣ್ಣು ಮಾಡಿದ ಗದ್ದಿಗೆ ಹುಡುಕುವುದು. ಅಜ್ಜನದು ಹಳ್ಳದ ದಂಡೆಯಲ್ಲಿ ಸಿಕ್ಕಿತು, ಮುತ್ತಜ್ಜನದು ಯಾರದೋ ಗೋಡಂಬಿ ತೋಟದಲ್ಲಿ. ಪ್ರತಿಯೊಂದಕ್ಕೂ ಊರ ಮುದುಕರಿಂದ ಸಾಕ್ಷಿ ಕೇಳುತ್ತಿದ್ದ, ಒಬ್ಬರು ಹೇಳಿದರೆ ನಂಬುತ್ತಿರಲಿಲ್ಲ. ಸಾಕ್ಷಿ ಕೇಳದೆ ನಂಬಿದ್ದು ತಾಯಿಯದೊಂದನ್ನೇ. ಅಂಬೆಗಾಲಿಡುವಾಗಲೇ ಕಳೆದುಕೊಂಡ ಚಂದ್ರವ್ವನ ಗದ್ದಿಗೆ ಹೊಲದ ಮೂಲೆಯ ಈ ಕಲ್ಲು ಎಂದು ಸ್ವಂತ ಕಾಕಾನೇ ಕೈಹಿಡಿದು ತೋರಿಸಿದ್ದ.

ಪ್ರತಿ ಅಮಾವಾಸ್ಯೆಗೂ ಬಂದು ಕಲ್ಲಿಗೆ ಕಾಯಿ ಒಡೆಯುತ್ತಿದ್ದ. ಭರಮಣ್ಣ ದನದ ಕೊಟ್ಟಿಗೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, "ಬಂದಾ ನೋಡ್ರಿ, ಹೊಲ ಅಳಿಯಾಕ," ಎಂದು ಆಳುಗಳಿಗೆ ಕೇಳಿಸುವಂತೆ ಅನ್ನುತ್ತಿದ್ದ. ಅವನ ಹೆಂಡತಿ ದಾನವ್ವ ಒಂದೊಂದು ಸಲ ಮಜ್ಜಿಗೆ ತರುತ್ತಿದ್ದಳು. ಹೋದ ವರ್ಷ ಚರಿಗೆ ಕೈಗಿತ್ತವಳು, ಮುಖ ನೋಡದೆ ಅಂದಳು:

"ಇನ್ನ ಬರಬ್ಯಾಡ್ರಿ ಭಾವಾರ. ಈ ಬಿಸಲಾಗ... ಯಾತಕ್ಕ ಬರ್ತೀರಿ?"

ಉಳವಪ್ಪ ಮಜ್ಜಿಗೆ ಕುಡಿಯದೆ ಚರಿಗೆ ಕೆಳಗಿಟ್ಟ. ಮನೆಗೆ ಬಂದು ಸಾವಂತ್ರವ್ವನಿಗೆ ಹೇಳಿದ: "ಆಕಿನೂ ಅವನ ಕಡಿನ ಆದಳು ನೋಡು." ಅವತ್ತು ಅವನು ಊಟ ಮಾಡಲಿಲ್ಲ.

* * *

ಸಾವಂತ್ರವ್ವ ಎದ್ದು ಬಂದು ತಗ್ಗಿನಲ್ಲಿ ಇಣುಕಿದಳು. ಕೆಂಪು ಬಂಡೆ, ಒಡೆದ ಗುರುತೇ ಇಲ್ಲ. ಆಮೇಲೆ ಪಕ್ಕದ ಕಲ್ಲನ್ನು ನೋಡಿದಳು.

"ಇಲ್ಲಿ ಬಂಡಿ ಇದ್ರ, ನಮ್ಮತ್ತಿನ್ನ ಹೆಂಗ ಕುಂದರ್ಸಿದ್ರೋ ಭರಮಣ್ಣಾ?"

ಅವಳು ಕಲ್ಲಿನತ್ತ ಕೈ ತೋರಿದಳು.

"ನಾಗಲಿಂಗಾ, ಆ ಕಲ್ಲ ಎತ್ತು."

"ಗದ್ದಿಗಿ ಕಲ್ಲು ಎತ್ತಬಾರ್ದು ವೈನಿ!" ಭರಮಣ್ಣ ಓಡಿ ಬಂದ.

"ಗದ್ದಿಗಿ ಇದ್ರ ತಾನ! ಎತ್ತೋ ನೀ."

ನಾಗಲಿಂಗ ಅಜ್ಜಾರ ಮುಖ ನೋಡಿದ. ಅಜ್ಜಾರು ಗೋಣು ಹಾಕಿದರು. ಕಲ್ಲು ಮಗ್ಗುಲಾಯಿತು. ಕೆಳಗೆ ಬೊಗಸೆಯಷ್ಟು ಮಣ್ಣು, ಚದುರಿದ ಇರುವೆಗಳು, ಅದರಡಿ ಅದೇ ಕೆಂಪು ಬಂಡೆ.

"ಎಲ್ಲಿ ಐತಿ ನಮ್ಮತ್ತಿ ಗದ್ದಿಗಿ?"

ಭರಮಣ್ಣನ ಕಣ್ಣುಗಳು ಅವನ ಮಾತು ಕೇಳಲಿಲ್ಲ. ಹೊಲದ ನಡುವಿನ ಕೊಟ್ಟಿಗೆಯ ಕಡೆ ಹೊರಳಿ, ಗಡಬಡಿಸಿ ವಾಪಸು ಬಂದವು. ಅಲ್ಲಿದ್ದವರೆಲ್ಲ ನೋಡಿದರು.

"ಅಪ್ಪ ಸರಿಸಿದ್ದು, ನಾ ಅಲ್ಲ," ಎಂದ ಕೊನೆಗೆ. "ನಡು ಹೊಲದಾಗ ಗದ್ದಿಗಿ ಇದ್ರ ನಾಳೆ ಪಾಲು ಕೇಳ್ತಾರ ಅಂತ ಕಲ್ಲ ಈ ಮೂಲಿಗೆ ತಂದಾ. ನಾ ಕೊಟಗಿ ಕಟ್ಟಿದ್ದಷ್ಟ."

"ಅಷ್ಟ? ನಮ್ಮತ್ತಿ ಮ್ಯಾಲ ಎಮ್ಮಿ ಕಟ್ಟಿ ಅಷ್ಟ ಅಂತೀಯಲ್ಲೋ, ನಿನ್ನ ನಾಲಿಗಿ ಸೇದಿ ಹೋಗ್ಲಿ!" ಸಾವಂತ್ರವ್ವನ ದನಿ ಒಡೆಯಿತು. "ಪಾಲು ಬರಕೊಟ್ಟ ಮ್ಯಾಲೂ ಹೇಳಲಿಲ್ಲ. ಅಮಾಸಿಗೊಮ್ಮೆ ಇವರು ಈ ಬಂಡಿಗೆ ಹಣಿ ಹಚ್ಚೂದು ನೋಡ್ಕೋತ ನಿಂತಿದ್ಯಲ್ಲ! ಶಶಿಧರಾ, ವಿಮಾನ ಎತ್ರಿ. ಆ ಕೊಟಗ್ಯಾಗ ತೋಡೂಣು."

ಮಗ ಶಶಿಧರ ಹೆಗಲು ಕೊಟ್ಟ. ಭರಮಣ್ಣ ತಗ್ಗಿನಾಚೆ ಬಿದ್ದಿದ್ದ ಗುದ್ದಲಿ ಎತ್ತಿಕೊಂಡು ದಾರಿಗೆ ಅಡ್ಡ ನಿಂತ.

"ಕೊಟಗಿಗೆ ಕೈ ಹಚ್ಚಿ ನೋಡ್ರಿ. ಹೆಣ ಬೀಳ್ತಾವು!"

"ಒಂದು ಬಿದ್ದೇತಲ್ಲ," ಎಂದಳು ಸಾವಂತ್ರವ್ವ. "ಇನ್ನೊಂದು ನಂದ ಬೀಳಲಿ, ಹೊಡಿ."

"ಕಾಕಾ, ದಾರಿ ಬಿಡು," ಎಂದ ಶಶಿಧರ, ಹಲ್ಲು ಕಚ್ಚಿ.

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಸರಪಳಿಯ ಸದ್ದು ಬಂತು. ದಾನವ್ವ ಎಮ್ಮೆಗಳನ್ನು ಬಿಚ್ಚಿ ಒಂದೊಂದಾಗಿ ಹೊರಗೆ ತರುತ್ತಿದ್ದಳು.

"ಏ, ತಲಿ ಕೆಟ್ಟೇತೇನು ನಿಂದು? ಒಳಗ ಕಟ್ಟ!" ಭರಮಣ್ಣ ಕೂಗಿದ.

ಅವಳು ಹೊರಳಿಯೂ ನೋಡಲಿಲ್ಲ. ಕೊನೆಯ ಎಮ್ಮೆಯನ್ನು ಬೇವಿನ ಗಿಡಕ್ಕೆ ಕಟ್ಟಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸಬರಿಗೆ ಎತ್ತಿಕೊಂಡಳು. ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು.