ಏಳು ಅಂಗಿಗಳ ಗಂಟು

ನಾಲ್ಕು ಕೋಣೆಯ ಮನೆ ಬಿಟ್ಟು ಒಂದೇ ಕೋಣೆಗೆ ಹೋಗೋಣ ಎಂದವಳು ನಾನೇ. ಗುಡಿಸಿ ಒರೆಸಿ ಸೊಂಟ ಬಿದ್ದುಹೋಗಿತ್ತು. ಆದರೆ ನಮ್ಮ ಯಜಮಾನರಿಗೆ ಅದು ತಲೆಗೇರಿಬಿಟ್ಟಿತು. ಮೂವತ್ತು ವರ್ಷ ಬಸ್ಸಿನಲ್ಲಿ "ಮುಂದೆ ಹೋಗ್ರಿ, ಜಾಗ ಬಿಡ್ರಿ" ಎಂದು ಕೂಗಿ ನಿವೃತ್ತರಾದ ಕಂಡಕ್ಟರು ಅವರು. ಈಗ ಮನೆಯ ಸಾಮಾನನ್ನೂ ಹಾಗೇ ಇಳಿಸತೊಡಗಿದರು. ಬೇಡವೆನಿಸಿದ್ದಕ್ಕೆಲ್ಲ ಸಂಜೆ ಕೆಂಪು ಪೆನ್ನಿನಲ್ಲಿ ಇಂಟು ಮಾರ್ಕು. ಬೆಳಿಗ್ಗೆ ಹಳೆ ಸಾಮಾನಿನ ವ್ಯಾನು ಬಂದರೆ ಮಾರ್ಕು ಇದ್ದದ್ದೆಲ್ಲ ಅದರೊಳಗೆ. ಕುರ್ಚಿಗಳು ಹೋದವು, ಕನ್ನಡಿ ಹೋಯಿತು. ನಾನು ಗಿರಾಕಿಗಳ ಬಟ್ಟೆಗೆ ಕಟ್ಟುತ್ತಿದ್ದ ಚೀಟಿಗಳ ಡಬ್ಬವೂ ಹೋಯಿತು. ಕೊನೆಗೆ ಆ ಕೆಂಪು ಪೆನ್ನೇ ಹೋಯಿತು.

"ಗುರುತು ಹಾಕೋಕೆ ಒಂದು ಮನೇಲಿ ಎರಡೆರಡು ಯಾಕೆ? ನಿನ್ನ ಚಾಕ್‌ಪೀಸು ಇದೆಯಲ್ಲ," ಎಂದರು.

ಹೊಲಿಗೆಯವಳಿಗೆ ಚಾಕ್‌ಪೀಸು ಅಂದರೆ ಏನೆಂದು ಅವರಿಗೇನು ಗೊತ್ತು! ಆದರೂ ಹೂಂ ಎಂದೆ. ಆ ಹೂಂ ಇವತ್ತಿಗೂ ಚುಚ್ಚುತ್ತದೆ.

ಸೋಮವಾರ ನನ್ನ ಹಳೆಯ ಗಿರಾಕಿ ನರ್ಸಮ್ಮ ಬಂದಿದ್ದಳು. ತೀರಿಕೊಂಡ ಗಂಡನ ಏಳು ಅಂಗಿಗಳನ್ನು ಗಂಟು ಕಟ್ಟಿ ತಂದಿದ್ದಳು.

"ಇವನ್ನ ಜೋಡಿಸಿ ಒಂದು ಹೊದಿಕೆ ಮಾಡಿಕೊಡಿ ಅಕ್ಕ. ಆದ್ರೆ ನೀರಿಗೆ ಮಾತ್ರ ಹಾಕ್ಬೇಡಿ. ಅವರ ವಾಸನೆ ಇನ್ನೂ ಇದೆ."

ಕಟ್ಟಲು ಚೀಟಿ ಇರಲಿಲ್ಲ, ಗಂಟಿನ ಮೇಲೇ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಇಂಟು ಹಾಕಿದೆ. ನನಗೆ ಕೆಲಸ ಕಲಿಸಿದವರ ಕಾಲದಿಂದಲೂ ಇಂಟು ಎಂದರೆ ತೊಳೆಯಬೇಡ ಎಂದೇ ಅರ್ಥ.

ಬುಧವಾರ ಬೆಳಿಗ್ಗೆ ದಾರ ತರಲು ಹೋಗಿ ಬಂದು ಮಂಚದ ಕೆಳಗೆ ಕೈ ಹಾಕಿದರೆ ಗಂಟಿಲ್ಲ.

"ರೀ, ಇಲ್ಲಿದ್ದ ಗಂಟೆಲ್ಲಿ?"

"ಇಂಟು ಇತ್ತಲ್ಲ, ವ್ಯಾನಿಗೆ ಹಾಕಿದೆ. ಇವತ್ತು ಹನ್ನೊಂದು ಸಾಮಾನು ಖಾಲಿ!" ಎಂದು ಕೈ ಕೊಡವಿದರು.

"ಆ ಇಂಟು ನಂದು ಕಣ್ರೀ!"

ಅವರ ಮುಖ ಬಿಳಿಚಿಕೊಂಡಿತು. ವ್ಯಾನಿನವರು ಗೋದಾಮಿಗೆ ಬಂದ ಬಟ್ಟೆಯನ್ನೆಲ್ಲ ಮೊದಲು ಒಗೆದೇ ವಿಂಗಡಿಸುತ್ತಾರೆ, ಎಷ್ಟು ಶುಚಿ ನೋಡು, ಎಂದು ಹೋದ ವಾರ ಹೊಗಳಿದ್ದವರೂ ಅವರೇ. ಯಾವ ತುಂಡು ಎಲ್ಲಿ ಬರಬೇಕೆಂದು ಹೇಳಲು ನರ್ಸಮ್ಮ ನಾಲ್ಕು ಗಂಟೆಗೆ ಬರುವವಳಿದ್ದಳು. ಇಬ್ಬರೂ ಗೋದಾಮಿನ ಕಡೆಯ ಬಸ್ಸು ಹತ್ತಿದೆವು.

ಬಸ್ಸು ಸ್ಟಾಪಿಗೊಂದು ಸಲ ನಿಂತಿತು. "ರೈಟ್ ಹೇಳಪ್ಪಾ, ರೈಟ್!" ಎಂದು ನಮ್ಮವರು ಆ ಬಸ್ಸಿನ ಕಂಡಕ್ಟರನ ಮೇಲೆ ರೇಗಿದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಗೋದಾಮಿನಲ್ಲಿ ಬಟ್ಟೆ ನೋಡಿಕೊಳ್ಳುವ ಹೆಂಗಸು ಸಾಲಾಗಿ ನಿಂತಿದ್ದ ವಾಷಿಂಗ್ ಮಷೀನುಗಳ ಕಡೆ ಕೈ ತೋರಿಸಿದಳು. ಮೂರನೆಯದರ ದುಂಡನೆಯ ಗಾಜಿಗೆ ನೀಲಿ ಪಟ್ಟೆಯ ತೋಳೊಂದು ಬಂದು ಅಂಟಿತು, ಮತ್ತೆ ನೊರೆಯೊಳಗೆ ಹೋಯಿತು. ಯಜಮಾನರು ಬಾಗಿಲು ಹಿಡಿದು ಜಗ್ಗಿದರು.

"ಮುಗಿಯೋ ತನಕ ತೆಗೆಯೋಕೆ ಬರಲ್ಲ ಸಾರ್," ಎಂದಳು.

ಇಪ್ಪತ್ತೆರಡು ನಿಮಿಷ ಅದರ ಮುಂದೆ ನಿಂತೆವು.

ಒದ್ದೆ ಅಂಗಿಗಳನ್ನು ಎಣಿಸಿದೆ. ಆರು. ಮತ್ತೆ ಎಣಿಸಿದರೂ ಆರೇ. ಆಗ ನೆನಪಾಯಿತು, ಕಾಲರ್ ಬಿಚ್ಚಲೆಂದು ನಿನ್ನೆ ಒಂದನ್ನು ಹೊರಗೆ ತೆಗೆದಿದ್ದೆ.

"ಹೊಲಿಗೆ ಮಿಷನ್ ಮೇಲೆ ಒಂದಿತ್ತು. ಅದನ್ನೂ ಹಾಕಿದ್ರಾ?"

"ಇಲ್ಲ ಕಣೇ. ಅದಕ್ಕೆ ಮಾರ್ಕು ಇರಲಿಲ್ಲ."

ನಾಲ್ಕಕ್ಕೆ ಸರಿಯಾಗಿ ನರ್ಸಮ್ಮ ಬಂದಳು. ಕೂತುಕೋ ಎನ್ನಲು ಮನೆಯಲ್ಲಿ ಕುರ್ಚಿ ಇರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. "ತಪ್ಪು ನಂದು ತಾಯಿ," ಎಂದರು ಯಜಮಾನರು, ತಲೆ ಎತ್ತದೆ.

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಉಳಿದ ಒಂದು ಅಂಗಿಯನ್ನು ಮುಖಕ್ಕೆ ಒತ್ತಿ ಬಹಳ ಹೊತ್ತು ಹಿಡಿದುಕೊಂಡಳು. ಆಮೇಲೆ ಮಡಿಸಿ ತನ್ನ ಚೀಲದೊಳಗೆ ಇಟ್ಟುಕೊಂಡಳು.

"ಇದನ್ನ ಕತ್ತರಿಸೋದು ಬೇಡ," ಎಂದಳು. ಹಗ್ಗದ ಮೇಲೆ ಒಣಗುತ್ತಿದ್ದ ಆರನ್ನು ನೋಡಿದಳು. "ಅವು ಈಗ ಬರೀ ಬಟ್ಟೆ ಅಕ್ಕ. ವ್ಯಾನಿನವರಿಗೇ ಕೊಟ್ಬಿಡಿ."

ಮರುದಿನ ಬೆಳಿಗ್ಗೆ ಬೀದಿಯಲ್ಲಿ ವ್ಯಾನಿನ ಹಾರ್ನು ಕೇಳಿತು. ಯಜಮಾನರು ಏಳಲಿಲ್ಲ. ನಮಗಿರುವುದು ಒಂದೇ ಶೆಲ್ಫು. ಅದರಲ್ಲಿ ಆ ಆರು ಅಂಗಿಗಳು ಮಡಿಸಿ ಇದ್ದವು. ಅವುಗಳಿಗೆ ಜಾಗ ಮಾಡಲು ಅವರು ತಮ್ಮ ಬಟ್ಟೆಯನ್ನು ಗೋಡೆಯ ಮೊಳೆಗೆ ನೇತುಹಾಕಿದ್ದರು. ವ್ಯಾನಿನವನು ಇನ್ನೆರಡು ಸಲ ಹಾರ್ನು ಹೊಡೆದು ಮುಂದೆ ಹೋದ.