ಒಂದೇ ರಿಂಗಿನಲ್ಲಿ ಎರಡು ಕೀ

ನಿನ್ನೆಯವರೆಗೆ ಚೆನ್ನಾಗಿ ಓಡಿದ ಗಾಡಿ, ಬೇಕೇ ಬೇಕು ಎನ್ನುವ ಹೊತ್ತಿಗೆ ಕೈಕೊಟ್ಟರೆ ಹೇಗಿರುತ್ತದೆ? ಬಟ್ಟೆ ಹೊಲಿದು ಮನೆ ನಡೆಸುವ ಸೊಸೆಯೊಬ್ಬಳಿಗೆ ಒಂದು ಮಧ್ಯಾಹ್ನ ಅದು ಚೆನ್ನಾಗಿಯೇ ಗೊತ್ತಾಯಿತು.

ಅತ್ತೆಗೆ ಉಬ್ಬಸ ಹೊಸದೇನಲ್ಲ. ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಗೆ ಬಗ್ಗುತ್ತಿತ್ತು. ಆ ದಿನ ಬಗ್ಗಲಿಲ್ಲ. ಮಂಚದ ಅಂಚು ಹಿಡಿದು ಕೂತ ಮುದುಕಿಗೆ ಮಾತೇ ಹೊರಡಲಿಲ್ಲ, ತುಟಿ ನೀಲಿಯಾಗತೊಡಗಿತು. ಸೊಸೆ ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಗಾಡಿ ಕಳಿಸುತ್ತೇವೆ, ಆದರೆ ದೂರದಿಂದ ಬರಬೇಕು, ನಿಮ್ಮದೇ ಗಾಡಿ ಇದ್ದರೆ ಹೊರಟುಬಿಡಿ ಎಂದರು.

ಗಂಡ ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿಯವನು. ತಾಯಿಯನ್ನು ಎತ್ತಿ ತಂದು ತಮ್ಮ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದ. ಇಂಜಿನ್ ಗುರ್ರೆಂದು ಶುರುವಾಗಿ ತಕ್ಷಣ ನಿಂತುಹೋಯಿತು. ಮತ್ತೆ ತಿರುಗಿಸಿದ, ಮತ್ತೆ ಅದೇ ಕಥೆ. ಮೀಟರಿನ ಪಕ್ಕದಲ್ಲಿ ಪುಟ್ಟ ಕೆಂಪು ದೀಪವೊಂದು ಮಿನುಗುತ್ತಿತ್ತು. ಅದನ್ನು ನೋಡುವ ವ್ಯವಧಾನ ಯಾರಿಗಿತ್ತು?

ಬೀದಿಯವರು ಸೇರಿದರು, ಆದರೆ ಆ ಹೊತ್ತಿನಲ್ಲಿ ಯಾರ ಮನೆಯಲ್ಲೂ ಕಾರಿರಲಿಲ್ಲ. ಬ್ಯಾಟರಿ ಹೋಗಿದೆ ಎಂದರೊಬ್ಬರು, ಪೆಟ್ರೋಲಿನಲ್ಲಿ ಕಸ ಎಂದರು ಇನ್ನೊಬ್ಬರು. ಸಲಹೆಗಳಿಗೇನೂ ಬರವಿರಲಿಲ್ಲ. ತಳ್ಳಿಯೂ ನೋಡಿದರು. ಕಾರು ನಾಲ್ಕು ಮಾರು ಸಾಗಿ ಮೊಂಡು ಬಿದ್ದಿತು. ಕಳ್ಳರನ್ನು ತಡೆಯುವ ವೈರ್ ಒಂದಿರುತ್ತದೆ, ಕಿತ್ತರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಗಂಡ ಸ್ಟೇರಿಂಗಿನ ಕೆಳಗೆ ಕೈ ಹಾಕಿದ.

"ಕೈ ತೆಗಿ," ಎಂದಿತು ಒಂದು ದನಿ.

ಎದುರುಮನೆಯ ಕ್ಲಚ್ ಅಕ್ಕ. ಬೀದಿಯ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವಳು. ಕ್ಲಚ್ ಕ್ಲಚ್ ಎಂದು ಬೈದು ಬೈದೇ ಆ ಹೆಸರು ಅಂಟಿಸಿಕೊಂಡವಳು. ಅವಳು ಮೊದಲು ಮುದುಕಿಯನ್ನು ನೆಟ್ಟಗೆ ಕೂರಿಸಿ ಕಿಟಕಿ ಇಳಿಸಿದಳು. ಆಂಬುಲೆನ್ಸ್ ಹೊರಟಿದೆಯೇ ಎಂದು ಕೇಳಿದಳು. ತಮ್ಮ ಡ್ರೈವಿಂಗ್ ಸ್ಕೂಲಿಗೂ ಫೋನ್ ಮಾಡಿ ಕಲಿಕೆಯ ಕಾರನ್ನು ಕಳಿಸಲು ಹೇಳಿದಳು. ಆಮೇಲೆ ದೀಪದತ್ತ ಬೆರಳು ತೋರಿಸಿದಳು.

"ಕೀ ಚಿತ್ರದ ದೀಪ ಇದು. ಇಂಜಿನ್ ಕೆಟ್ಟಿಲ್ಲ. ಗಾಡಿ ನಿನ್ನನ್ನ ಕಳ್ಳ ಅಂದ್ಕೊಂಡಿದೆ."

"ನನ್ನ ಗಾಡಿಗೆ ನಾನೇ ಕಳ್ಳನಾ ಅಕ್ಕ? ಎರಡು ಕೀನೂ ಇಲ್ಲೇ ಇದೆ ನೋಡು."

ಅಲ್ಲೇ ಇತ್ತು ಎಡವಟ್ಟು. ಅವನೋ ಮರೆಗುಳಿ. ಕನ್ನಡಕಕ್ಕೂ ದಾರ, ಪೆನ್ನಿಗೂ ದಾರ. ಎಲ್ಲೋ ಬಿದ್ದಿದ್ದ ಎರಡನೇ ಕೀ ಆ ಬೆಳಿಗ್ಗೆ ಸಿಕ್ಕಿತ್ತು. ಮತ್ತೆ ಕಳೆಯದಿರಲಿ ಎಂದು ಎರಡನ್ನೂ ಒಂದೇ ರಿಂಗಿಗೆ ಪೋಣಿಸಿದ್ದ. ಈಗಲಾದರೂ ಬುದ್ಧಿ ಬಂತಲ್ಲ ಎಂದು ಹೆಂಡತಿ ಹೊಗಳಿಯೂ ಇದ್ದಳು.

"ಕೀ ಒಳಗೆ ಕಾಳಿನಷ್ಟು ಚಿಪ್ ಇರುತ್ತೆ. ಯಾರು ನೀನು ಅಂತ ಗಾಡಿ ಅದನ್ನ ಕೇಳುತ್ತೆ. ಎರಡು ಕೀನೂ ಒಟ್ಟಿಗೆ ಬಾಯಿ ಹಾಕಿದ್ರೆ ಕೆಲವು ಗಾಡಿಗೆ ಗೊಂದಲ ಆಗಿ ಇಂಜಿನ್ ನಿಲ್ಲಿಸಿಬಿಡುತ್ತೆ. ವೈರ್ ಕಿತ್ರೆ ಆಮೇಲೆ ಗಾಡೀನ ಎಳ್ಕೊಂಡೇ ಹೋಗ್ಬೇಕು."

ಗಂಡನಿಗೆ ನಂಬಿಕೆ ಬರಲಿಲ್ಲ. ಕಾಳಿನಷ್ಟು ಚಿಪ್ ಇಡೀ ಕಾರನ್ನು ನಿಲ್ಲಿಸುತ್ತದೆಯೇ, ಇಲ್ಲಿ ಅಮ್ಮನ ಜೀವ ಹೋಗುತ್ತಿದೆ ಎಂದು ಗೊಣಗುತ್ತ ಮತ್ತೆ ವೈರಿಗೆ ಕೈ ಹಾಕಿದ. ಸೊಸೆ ಕೀಗಳನ್ನು ಕಿತ್ತುಕೊಂಡಳು. ರಿಂಗ್ ಬಿಗಿಯಾಗಿತ್ತು, ಉಗುರು ಮುರಿಯಿತು. ಒಳಗೋಡಿ ಕತ್ತರಿ ತಂದು ಅದರ ತುದಿಯಿಂದ ಮೀಟಿ ಒಂದು ಕೀ ಬಿಡಿಸಿ ಮನೆಯೊಳಗೆ ಎಸೆದು ಬಂದಳು.

"ಈಗ ಕೀ ಹೊರಗೆ ತೆಗೆದು ಸ್ವಲ್ಪ ಹೊತ್ತು ಸುಮ್ನಿರಿ," ಎಂದಳು ಅಕ್ಕ. "ಮತ್ತೆ ಮತ್ತೆ ತಿರುಗಿಸಿದ್ದೀರಿ. ಗಾಡಿಯ ಅನುಮಾನ ತಣ್ಣಗಾಗ್ಬೇಕು."

ಸುಮ್ಮನಿರುವುದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಸೊಸೆ ಅತ್ತೆಯ ಪಕ್ಕ ಕೂತಳು. ಸೀಟಿ ಊದಿದಂತೆ ಒಂದು ಉಸಿರು ಬರುತ್ತಿತ್ತು. ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವುದೇ ಅವಳ ಕೆಲಸವಾಯಿತು. ಅವಳ ಮಣಿಕಟ್ಟನ್ನು ಹಿಡಿದಿದ್ದ ಮುದುಕಿಯ ಬೆರಳುಗಳು ನಿಧಾನವಾಗಿ ಸಡಿಲವಾಗುತ್ತಿದ್ದವು. ಆಂಬುಲೆನ್ಸಿನ ಸದ್ದಿಲ್ಲ, ಸ್ಕೂಲಿನ ಕಾರಿನ ಸುಳಿವಿಲ್ಲ. ಅವಳಿಗೆ ಅಳುವುದಕ್ಕೂ ಭಯವಾಯಿತು.

"ಈಗ ನೋಡು," ಎಂದಳು ಅಕ್ಕ.

ಗಂಡ ಒಂಟಿ ಕೀ ತಿರುಗಿಸಿದ. ದೀಪ ಒಮ್ಮೆ ಹೊತ್ತಿ ಆರಿತು. ಇಂಜಿನ್ ಹತ್ತಿಕೊಂಡಿತು, ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ತುಟಿಗೆ ಬಣ್ಣ ಮರಳಿತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಗಂಡ ಕುಸಿದು ಕೂತ.

"ನೀನು ಕೀ ಕಿತ್ಕೊಳ್ದೇ ಇದ್ದಿದ್ರೆ ನಾನು ವೈರ್ ಕಿತ್ತೇ ಬಿಡ್ತಿದ್ದೆ ಕಣೇ," ಎಂದ. ಅವಳು ಅವನ ಕೈ ಹಿಡಿದುಕೊಂಡಳು.

ಬಂಧುಗಳೇ, ಜೀವಕ್ಕೆ ಕುತ್ತು ಬಂದಾಗ ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ, ಅಕ್ಕಪಕ್ಕದವರ ಗಾಡಿ ಕೇಳಿ. ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಮೇಲಿಂದ ಮೇಲೆ ತಿರುಗಿಸಬೇಡಿ. ಬೇರೆ ಕೀಗಳನ್ನು ದೂರವಿಟ್ಟು, ಸ್ವಲ್ಪ ಕಾದು, ಎರಡನೇ ಕೀಯಲ್ಲೂ ಪ್ರಯತ್ನಿಸಿ. ಬಟನ್ ಒತ್ತುವ ಗಾಡಿಯಾದರೆ ಕೀಯ ಸೆಲ್ ಮುಗಿದಿರಬಹುದು. ಅನೇಕ ಗಾಡಿಗಳಲ್ಲಿ ಕೀಯನ್ನು ಬಟನ್ನಿಗೇ ತಾಗಿಸಿ ಒತ್ತಿದರೆ ಸಾಕು. ಆಗಲೂ ಆಗದಿದ್ದರೆ ಮೆಕ್ಯಾನಿಕ್ ಬರಲಿ. ವೈರಿಗೆ ಮಾತ್ರ ಕೈ ಹಾಕಬೇಡಿ.

ಆ ತಾಯಿಗೆ ಕಾಯುವಷ್ಟು ಉಸಿರು ಉಳಿದಿತ್ತು. ಎಲ್ಲರಿಗೂ ಉಳಿದಿರುವುದಿಲ್ಲ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಇವತ್ತೇ, ನಿಮ್ಮ ಎರಡನೇ ಕೀ ಎಲ್ಲಿದೆ ಎಂದು ಎದ್ದು ನೋಡಿ ಬನ್ನಿ.