ಶುಭ ಕೋರುವವರ ಸಾಲಿನ ಮುಖ

ನಾನು ಹಾರ್ಡ್ ಡಿಸ್ಕ್. ಹುಟ್ಟಿಸಿದವರೇ ನನ್ನ ಮೈಗೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ಒಳಗೆ ಒಂದು ಕಣ ಧೂಳು ಹೊಕ್ಕರೂ ಸಾಯುತ್ತೇನಂತೆ. ಹಾಗಾಗಿ ನಾನು ಗಾಳಿ ಕಂಡವನಲ್ಲ, ಬೆಳಕು ಕಂಡವನಲ್ಲ. ಹೊಟ್ಟೆಯಲ್ಲಿ ತಟ್ಟೆ ಗಿರಗಿರ ತಿರುಗುತ್ತದೆ. ಕೊಟ್ಟದ್ದನ್ನು ಇಟ್ಟುಕೊಳ್ಳುತ್ತೇನೆ, ಕೇಳಿದರೆ ಕೊಡುತ್ತೇನೆ. ಇದನ್ನು ಬಾಳು ಎನ್ನುವುದಾದರೆ ಎನ್ನಿ.

ನನ್ನನ್ನು ಕೂರಿಸಿದ ಲ್ಯಾಪ್‌ಟಾಪನ್ನು ಮೊದಲು ಕೊಂಡವರು ಒಬ್ಬ ಕಾಲೇಜು ಮೇಷ್ಟ್ರು. ಸಿನಿಮಾ ನೋಡಿ ನೋಡಿ ಬೇಸರವಾಗಿ, ಬ್ಯಾಡಗಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಮೌನೇಶನಿಗೆ ಮಾರಿದರು. ಅಲ್ಲಿ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲವೂ ನನ್ನೊಳಗೇ ತಯಾರಾಗುತ್ತಿದ್ದವು. ನಡುವೆ ಯಾರೋ ಮುಖಂಡನ ಆಳೆತ್ತರದ ಚಿತ್ರ, ಕೆಳಗೆ ‘ಶುಭ ಕೋರುವವರು’ ಎಂದು ಬಟಾಣಿ ಗಾತ್ರದ ಮುಖಗಳ ಸಾಲು. ಫ್ಲೆಕ್ಸಿನಲ್ಲಿ ಬಟಾಣಿಯಾದವರ ಪೂರ್ತಿ ಫೋಟೋ ನನ್ನಲ್ಲಿರುತ್ತಿತ್ತು.

ತುಂಬಿ ತುಂಬಿ ನಿಧಾನವಾದೆ. ತುಂಬಿಸಿದವನು ಅವನು, ಬೈಗುಳ ನನಗೆ! ಫೈಲ್ ತೆರೆಯುವುದು ತಡವಾದರೆ ಅಂಗೈಯಿಂದ ಬಡಿಯುತ್ತಿದ್ದ. ಬಡಿದು ಬಡಿದು ನನ್ನ ತಟ್ಟೆಗೆ ಗೀರು ಬಿತ್ತು. ಕೊನೆಗೆ ರಿಪೇರಿಯ ದಾದಾಪೀರ್ ಬಂದ.

“ಎಸ್‌ಎಸ್‌ಡಿ ಹಾಕ್ಸು ಮೌನೇಶಣ್ಣಾ, ಹೊಸ ನಮೂನಿ ಡಿಸ್ಕು. ತಿರುಗೂದಿಲ್ಲ, ಸದ್ದಿಲ್ಲ. ನೀ ಬೈಯಾಕ ಬಾಯಿ ತೆಗಿಯೂದ್ರಾಗ ಚಾಲೂ ಆಗಿರತೈತಿ.”

ನನ್ನ ಜಾಗಕ್ಕೆ ಆ ತೆಳ್ಳನೆಯವನು ಬಂದ. ನನಗೆ ಬಿಡುಗಡೆ ಎಂದುಕೊಂಡೆ. ಎಲ್ಲಿಯ ಬಿಡುಗಡೆ! ಸಿಡಿ ಹಾಕುವ ಭಾಗ ಕಿತ್ತು, ತಗಡಿನ ಚೌಕಟ್ಟಿಗೆ ಬಿಗಿದು, ಅದೇ ಲ್ಯಾಪ್‌ಟಾಪಿನಲ್ಲಿ ತುರುಕಿದರು. ನನ್ನ ಫೈಲುಗಳನ್ನು ಅವನಿಗೆ ತುಂಬುವಾಗ ಗೀರು ಬಿದ್ದಲ್ಲಿ ತೊಡರಿ ಟಕ್ ಟಕ್ ಎಂದೆ; ಶುಭ ಕೋರುವವರ ಮುಖಗಳು ನನ್ನಲ್ಲೇ ಉಳಿದವು.

“ಸಾಕು ಬಿಡೋ, ಡಿಸೈನ್ ಎಲ್ಲಾ ಬಂದಾವು. ಆ ಸಣ್ಣ ಮಾರಿ ಯಾರಿಗೆ ಬೇಕು?” ಎಂದ ಮೌನೇಶ. ಆಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಫಕ್ಕೀರವ್ವ ಓಡಿಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಮಾವ ಗುಡದಪ್ಪನಿಗೆ ನೆನಪು ಹೋಗಿತ್ತು. ದಿನಾ ಹೊರಚಿಲಕ ಹಾಕಿ ಕೆಲಸಕ್ಕೆ ಹೋಗುವವಳು ಅಂದು ಮರೆತಿದ್ದಳು. ಬಂದು ನೋಡಿದರೆ ಮುದುಕನಿಲ್ಲ.

“ಫೋಟೋ ಬೇಕೋ ತಮ್ಮಾ. ಬಸ್‌ಸ್ಟ್ಯಾಂಡಿನ್ಯಾಗ, ಪೊಲೀಸರಿಗೆ ತೋರಸಬೇಕು.”

“ಆಧಾರ್ ಕಾರ್ಡ್ ಇಲ್ಲೇನಕ್ಕಾ?”

“ಅದರಾಗಿನ ಮಾರಿ ನೋಡಿದ್ರ ಹೊಟ್ಟೀಲೆ ಹುಟ್ಟಿದ ಮಗನೂ ಗುರ್ತು ಹಿಡಿಯಂಗಿಲ್ಲ. ಹ್ವಾದ ವರ್ಷ ಆ ಅಧ್ಯಕ್ಷರ ಹುಟ್ಟುಹಬ್ಬದ ಬ್ಯಾನರ್‌ನ್ಯಾಗ ಹಾಕಿದ್ದಿಯಲ್ಲ, ತಲಿಗೆ ಪಟಕಾ ಸುತ್ತಿದ್ದು, ಅದನ್ನ ಕೊಡು.”

ಮೌನೇಶ ಹೊಸಬನಲ್ಲಿ ಹುಡುಕಿದ. ಇರಲಿಲ್ಲ. ಆಮೇಲೆ ನನ್ನನ್ನು ಎಬ್ಬಿಸಿದ. ಈಗ ನೆನಪಾದೆನೇ? ಸಿಟ್ಟು ನೆತ್ತಿಗೇರಿತು. ಆದರೆ ಆ ಮುದುಕ ಎಲ್ಲಿ ಅಲೆಯುತ್ತಿದ್ದಾನೋ! ಕೊಡಲು ಹೊರಟರೆ ಬಾರದು. ಗುಡದಪ್ಪನ ಮುಖ ಇದ್ದದ್ದು ಗೀರಿನ ಮಗ್ಗುಲಲ್ಲೇ. ಟಕ್ ಟಕ್. ಮೌನೇಶ ಎಂದಿನಂತೆ ಬಡಿದ.

“ಹೊಡೀಬ್ಯಾಡೋ!” ಎಂದಳು ಫಕ್ಕೀರವ್ವ. “ಹೊಡದ್ರ ಮುದುಕರಿಗೆ ನೆನಪು ಬರತೈತೇನು? ನಾ ಬೈದು ನೋಡೀನಿ, ಬರಲಿಲ್ಲ.”

ಅವನು ಕೈ ತೆಗೆದ. ನಾನು ತಡವರಿಸುತ್ತ, ನಿಂತು ನಿಂತು, ಪಟಕ ಕೊಟ್ಟೆ, ಹಣೆ ಕೊಟ್ಟೆ, ಮೂಗು ಮೀಸೆ ಕೊಟ್ಟೆ.

“ಇವರೇ! ನಮ್ಮಾವಾರು ಇವರೇ!”

ಮೌನೇಶ ಫೋಟೋವನ್ನು ಗೊತ್ತಿದ್ದವರ ಮೊಬೈಲಿಗೆಲ್ಲ ಕಳಿಸಿದ. ಸಂಜೆ ಗುಡದಪ್ಪ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ನಾನು ಪೂರ್ತಿ ಕೆಟ್ಟೇನೆಂದು ಹೆದರಿದ ಮೌನೇಶ ಉಳಿದ ಮುಖಗಳನ್ನೂ ನನ್ನಿಂದ ಇಳಿಸಿಕೊಂಡ. ನನ್ನನ್ನು ಬಿಚ್ಚಿ ಡ್ರಾಯರಿಗೆ ಹಾಕಿದ. ಕಾಣೆಯಾದವನನ್ನು ನಾಲ್ಕು ಜನ ಹುಡುಕುತ್ತಾರೆ. ಡ್ರಾಯರಿನಲ್ಲಿದ್ದಾನೆ ಎಂದು ಗೊತ್ತಿರುವವನನ್ನು ಯಾರು ಹುಡುಕುತ್ತಾರೆ?

ಆದರೂ ಕಿವಿ ಸತ್ತಿಲ್ಲ. ನಿನ್ನೆ ಫಕ್ಕೀರವ್ವ ಮಾವನ ಕೈ ಹಿಡಿದುಕೊಂಡು ಬಂದಿದ್ದಳು, ಅದೇ ಫೋಟೋಗೆ ಕಟ್ಟು ಹಾಕಿಸಲು. ಮುದುಕ ಅದನ್ನು ಬಹಳ ಹೊತ್ತು ನೋಡಿರಬೇಕು.

“ಯಾರವಾ ಇವ? ಚಂದ ಅದಾನ. ಎಲ್ಲೋ ನೋಡಿದಂಗೈತಿ.”

ಫಕ್ಕೀರವ್ವ ಕಟ್ಟಿಗೆ ಎಷ್ಟಾಗುತ್ತದೆಂದು ಕೇಳಿದಳು. ಮೌನೇಶ ದರ ಹೇಳಿದ.

ನನಗೆ ಗೊತ್ತಿತ್ತು. ಹೇಳೋಣವೆಂದರೆ ಕರೆಂಟು ಕೊಟ್ಟಿರಲಿಲ್ಲ.